ಹೆಪ್ಪು ಕರಗಿಸುವ ಮದ್ದು ಯಾರಿಗೆ?

ಹೃದಯಾಘಾತವಾದವರಿಗೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ಸೂಜಿಮದ್ದನ್ನು ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಪುಕ್ಕಟೆಯಾಗಿ ಕೊಡುವ ಏರ್ಪಾಡನ್ನು ಸರ್ಕಾರವು ಮಾಡಿದೆ. ಒಳ್ಳೆಯದನ್ನು ಒಳ್ಳೆಯದೆನ್ನಲು ನಮಗೆ ಸಂಕೋಚವಿಲ್ಲ. ಆದರೆ ಹೆಪ್ಪು ಹೃದಯವನ್ನು ಬಿಟ್ಟು ಶ್ವಾಸಕೋಶಕ್ಕೆ ಹೊಕ್ಕರೆ ಸಂತೆಮರಹಳ್ಳಿಯ ಕೂಲಿಕಾರನ ಗತಿಯೇನು?

ಕಾಲು ಮುರಿದು ಹಾಸಿಗೆ ಹಿಡಿದವರಿಗೆ, ಶಸ್ತ್ರಚಿಕಿತ್ಸೆಯಾದವರಿಗೆ, ಬಾಣಂತಿಯರಿಗೆ ಕಾಲಿನ ರಕ್ತನಾಳದಲ್ಲಿ ಹೆಪ್ಪು ಕಟ್ಟುವುದುಂಟು. ಅದು ಕಳಚಿ ಶ್ವಾಸಕೋಶದ ನಾಳಕ್ಕೆ ಅಡ್ಡ ಕೂತರೆ ಏದುಸಿರು, ಎದೆನೋವು. ದೊಡ್ಡದಾದರೆ ರಕ್ತದೊತ್ತಡ ಕುಸಿದು ಸಾವು.

ಹಾಗಾದರೆ ಎಲ್ಲರಿಗೂ ಈ ಮದ್ದನ್ನು ಚುಚ್ಚಿಬಿಡಿ ಎನ್ನೋಣವೇ? ಸಲ್ಲದು. ತಕ್ಕಡಿ ಹಿಡಿಯುವ ವ್ಯಾಪಾರಿ ಬಂಧುಗಳು ಈ ಲೆಕ್ಕವನ್ನು ತೂಗಿ ನೋಡಲಿ. ರಕ್ತದೊತ್ತಡ ಕುಸಿಯದಿದ್ದರೂ ಹೃದಯದ ಬಲಭಾಗ ದಣಿದಿದ್ದ ಸುಮಾರು ಸಾವಿರ ರೋಗಿಗಳ ಪರೀಕ್ಷೆಯೊಂದು 2014ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ಹೆಪ್ಪು ಬೆಳೆಯದಂತೆ ತಡೆಯುವ ಹೆಪಾರಿನ್ ಕೊಟ್ಟು, ಅರ್ಧದಷ್ಟು ಮಂದಿಗೆ ಟೆನೆಕ್ಟೆಪ್ಲೇಸನ್ನೂ ಕೊಟ್ಟರು. ಏಳು ದಿನಗಳಲ್ಲಿ ಸತ್ತವರು ಅಥವಾ ರಕ್ತಚಲನೆ ಕುಸಿದವರು ಹೆಪಾರಿನ್ ಮಾತ್ರ ಪಡೆದವರಲ್ಲಿ ನೂರಕ್ಕೆ 5.6, ಮದ್ದು ಪಡೆದವರಲ್ಲಿ 2.6. ಇದು ಲಾಭ. ಆದರೆ ಪಾರ್ಶ್ವವಾಯು ಬಡಿದವರು 0.2ರಿಂದ 2.4ಕ್ಕೆ ಏರಿದರು, ಬಹುಪಾಲು ಮಿದುಳಿನ ರಕ್ತಸ್ರಾವದಿಂದ. ಸಾವನ್ನಷ್ಟೇ ಎಣಿಸಿದರೆ ಎರಡು ಗುಂಪಿಗೂ ಹೇಳಿಕೊಳ್ಳುವಂಥ ಅಂತರವಿರಲಿಲ್ಲ.

ರಕ್ತದೊತ್ತಡ ಕುಸಿದವನ ಮಾತು ಬೇರೆ. 1995ರ ಪುಟ್ಟ ಪರೀಕ್ಷೆಯೊಂದರಲ್ಲಿ ಅಂಥವರು ಎಂಟೇ ಮಂದಿ. ಹಳೆಯ ಮದ್ದಾದ ಸ್ಟ್ರೆಪ್ಟೊಕೈನೇಸ್ ಪಡೆದ ನಾಲ್ವರೂ ಬದುಕಿದರು. ಹೆಪಾರಿನ್ ಮಾತ್ರ ಪಡೆದ ನಾಲ್ವರೂ ಸತ್ತರು. ಆದ್ದರಿಂದಲೇ ವೈದ್ಯರ ಇಂದಿನ ನಿಯಮವಿದು: ಒತ್ತಡ ಕುಸಿದವನಿಗೆ, ರಕ್ತಸ್ರಾವದ ಭಯವಿಲ್ಲದಿದ್ದರೆ, ತಡಮಾಡದೆ ಹೆಪ್ಪು ಕರಗಿಸಬೇಕು, ಉಳಿದವರಿಗೆ ಹೆಪಾರಿನ್ ಕೊಟ್ಟು ಕಾದು ನೋಡಬೇಕು, ಕೆಟ್ಟರೆ ಮಾತ್ರ ಕರಗಿಸಬೇಕು.

ಕಾದು ನೋಡುವುದೆಂದರೆ ಸುಮ್ಮನೆ ಮನೆಗೆ ಕಳಿಸುವುದಲ್ಲ. ಅದಕ್ಕೆ ಹಾಸಿಗೆ ಬೇಕು, ನಡುರಾತ್ರಿಯೂ ನಡೆಯುವ ಸಿ.ಟಿ. ಸ್ಕ್ಯಾನ್ ಬೇಕು, ಗಳಿಗೆಗೊಮ್ಮೆ ಒತ್ತಡ ನೋಡುವ ದಾದಿ ಬೇಕು. ಯಡಪುರದಲ್ಲಿ ಬೋಧನಾ ಆಸ್ಪತ್ರೆಯ ದೊಡ್ಡ ಕಟ್ಟಡವು 2021ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು. ಕಟ್ಟಡವೊಂದೇ ಆಸ್ಪತ್ರೆಯಲ್ಲ ಎಂಬುದನ್ನು, ಅದೇ ವರ್ಷದ ಮೇ ತಿಂಗಳಲ್ಲಿ ಆಮ್ಲಜನಕವಿಲ್ಲದೆ ಜೀವಗಳನ್ನು ಕಳೆದುಕೊಂಡ ಚಾಮರಾಜನಗರಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ.

ನಮ್ಮ ಬೇಡಿಕೆ ಸರಳವಾದುದು. ಹೃದಯಕ್ಕೆ ಪುಕ್ಕಟೆಯಾದ ಮದ್ದು ಶ್ವಾಸಕೋಶಕ್ಕೂ ಪುಕ್ಕಟೆಯಾಗಲಿ. ಅದನ್ನು ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು ಎಂಬುದನ್ನು ರೋಗಿಯ ನಾಡಿ ತೀರ್ಮಾನಿಸಲಿ, ಅವನ ಜೇಬಲ್ಲ.