ಹೂವು ನಮ್ಮೂರಲ್ಲೂ ಇದೆ, ಕೂರೋಕೆ ಜಾಗ ಎಲ್ಲಿ?

1/7
ಮಾರ್ಚ್ ಬಂತು ಅಂದ್ರೆ ಫೀಡ್ ಪೂರ್ತಿ ಪಿಂಕ್. ಬೆಂಗಳೂರಿನ ಟಬೂಬಿಯಾ ಮರ, ಕೆಳಗೆ ಒಂದು ಜೋಡಿ, ಹಿಂದೆ ಒಂದು ಹಾಡು. ನಮ್ಮ ದಾವಣಗೆರೆ ಜೋಡಿಗಳೂ ಶನಿವಾರ ಬೆಳಗ್ಗೆ ಟ್ರೈನ್ ಹತ್ತಿ, ಅಷ್ಟು ದೂರ ಹೋಗಿ, ಅದೇ ಮರದ ಕೆಳಗೆ ಅದೇ ಫೋಟೋ ತೆಗೆಸ್ಕೊಂಡು ಭಾನುವಾರ ರಾತ್ರಿ ವಾಪಸ್ ಬರ್ತಾರೆ. ಹೋಗೋದು ತಪ್ಪಲ್ಲ, ಹೋಗ್ಲಿ. ಆದ್ರೆ ಅವರು ಹೂವಿಗೋಸ್ಕರ ಹೋಗ್ತಾರೆ ಅನ್ನೋದನ್ನ ಮಾತ್ರ ನಾನು ನಂಬಲ್ಲ. ಯಾಕೆ ಅಂತ ಹೇಳ್ತೀನಿ, ಸ್ವೈಪ್ ಮಾಡ್ತಾ ಓದಿ.

2/7
ಮೊದಲು ಹೂವಿನ ಲೆಕ್ಕ ನೋಡೋಣ, ಹೆಂಗಿದ್ರೂ ನಾನು ಬಿಕಾಂ.
ಶಿವರಾತ್ರಿ ಆಸುಪಾಸಲ್ಲಿ ಊರಾಚೆ ಮುತ್ತುಗದ ಮರ ಎಲೆಯೆಲ್ಲ ಉದುರಿಸಿ ಕೆಂಡದ ಬಣ್ಣಕ್ಕೆ ತಿರುಗಿರುತ್ತೆ. ಊಟದೆಲೆ ಹಚ್ಚೋದು ಇದರದ್ದೇ, ಆದ್ರೆ ಹೂವು ನೋಡಿದವರು ಕಡಿಮೆ. ಯುಗಾದಿಗೆ ಬೇವಿನ ಹೂವು, ಅದಾದ ಮೇಲೆ ಹೊಂಗೆ. ಈ ಸ್ಲೈಡಲ್ಲಿರೋ ಫೋಟೋ ಹೊಂಗೆ ಮರದ ಕೆಳಗೆ ತೆಗೆದದ್ದು. ಹೂವು ಉದುರಿದ ರಸ್ತೆ ನೋಡಿದ್ರೆ ಯಾರೋ ಮಂಡಕ್ಕಿ ಚೀಲ ಒಡ್ಕೊಂಡು ಹೋದಂಗಿದೆ. ಮೇ ತಿಂಗಳಿಗೆ ಗುಲ್‌ಮೊಹರ್. ಅಂದ್ರೆ ನಮ್ಮೂರಿಗೂ ವಸಂತ ಬರುತ್ತೆ. ಫಿಲ್ಟರ್ ಹಾಕೋರು ಇಲ್ಲ ಅಷ್ಟೇ.

3/7
ಇನ್ನೊಂದು ವಿಷಯ. ಬೆಂಗಳೂರಿನ ಪಿಂಕ್ ಆ ಊರಿಗೆ ದೇವರು ಕೊಟ್ಟ ವರ ಅಲ್ಲ. ಟಬೂಬಿಯಾ ರೋಸಿಯಾ ಅಮೆರಿಕ ಖಂಡದ ಉಷ್ಣ ಪ್ರದೇಶದ ಮರ. ಬೆಂಗಳೂರಲ್ಲಿ ಒಂದಾದ ಮೇಲೊಂದು ಮರ ಹೂ ಬಿಡ್ತಾ ವರ್ಷಪೂರ್ತಿ ಬಣ್ಣ ಇರಬೇಕು ಅಂತ ಯೋಚನೆ ಮಾಡಿದವರು ಲಾಲ್‌ಬಾಗ್ ನೋಡ್ಕೊಳ್ತಿದ್ದ ಜರ್ಮನ್ ತೋಟಗಾರಿಕೆ ತಜ್ಞ ಕೃಂಬಿಗಲ್. ಆಮೇಲೆ 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು ಆ ನಗರದ ರಸ್ತೆಗಳಲ್ಲಿ ಲಕ್ಷಗಟ್ಟಲೆ ಸಸಿ ನೆಡಿಸಿದ್ರು. ಯಾರೋ ಕೂತು ತೀರ್ಮಾನ ಮಾಡಿದ್ದಕ್ಕೆ ಇವತ್ತು ನಿಮ್ಮ ಫೋಟೋ ಚೆನ್ನಾಗಿ ಬರ್ತಿದೆ. ಅಂಥ ತೀರ್ಮಾನ ದಾವಣಗೆರೆನೂ ಮಾಡಬಹುದು.

4/7
ಈಗ ಅಸಲಿ ಮಾತು. ನಮ್ಮಕ್ಕನ ಮದುವೆ ಆಗಿ ಒಂದು ವರ್ಷ. ಅತ್ತೆ, ಮಾವ, ಮೈದುನ ಎಲ್ಲರೂ ಇರೋ ಮನೆ, ಒಳ್ಳೆಯವರೇ. ಅಕ್ಕ-ಭಾವ ದುಡ್ಡು ಉಳಿಸಿ ಎರಡು ದಿನ ಬೆಂಗಳೂರಿಗೆ ಹೋಗಿ ಬಂದ್ರು. "ಹೂವು ಹೆಂಗಿತ್ತೇ?" ಅಂದೆ. "ಹೂವೇನೋ ಚೆನ್ನಾಗಿತ್ತು ಕಣೇ. ಅದಕ್ಕಿಂತ, ಇಬ್ರೂ ಒಂದು ಬೆಂಚ್ ಮೇಲೆ ಎರಡು ಗಂಟೆ ಕೂತಿದ್ವಿ, ಯಾರೂ ಏನೂ ಕೇಳಲಿಲ್ಲ" ಅಂದ್ಲು.
ಇಲ್ಲಿ ಅದೇ ಅಕ್ಕ-ಭಾವ ಒಂದು ಪಾರ್ಕಲ್ಲಿ ಕೂತಿದ್ದಾಗ ಹಿರಿಯರೊಬ್ರು ನಿಂತು, "ಯಾರ ಮನೆ ಹುಡುಗಿಯಮ್ಮ ನೀನು?" ಅಂದಿದ್ರು. ಅಕ್ಕ ತಾಳಿ ತೆಗೆದು ತೋರಿಸಿದ ಮೇಲೆ, "ಹಂಗಾದ್ರೆ ಮನೇಲಿ ಕೂರ್ಬಾರ್ದಾ" ಅಂತ ಹೇಳಿ ಹೋದ್ರು. ತಾಳಿ ಇದ್ದವರಿಗೇ ಹಿಂಗೆ. ನನ್ನ ಕ್ಲಾಸ್‌ಮೇಟ್ಸ್ ಕಥೆ ಬೇರೆ ಹೇಳಬೇಕಾ?

5/7
ಆ ಒಂದು ಪ್ರಶ್ನೆ ಇಲ್ಲದಿದ್ರೆ ನಮ್ಮಲ್ಲೇ ಎರಡು ದಿನ ಆರಾಮಾಗಿ ಕಳೀಬಹುದು. ಶನಿವಾರ ಬೆಳಗ್ಗೆ ಬೆಣ್ಣೆ ದೋಸೆ. ಬಿಸಿಲು ಏರೋ ಮುಂಚೆ ಕುಂದುವಾಡ ಕೆರೆ ಏರಿ ಮೇಲೆ ಒಂದು ಸುತ್ತು. ಮಧ್ಯಾಹ್ನ ಮನೆ, ಇಲ್ಲಾಂದ್ರೆ ಸಿನಿಮಾ. ಮಾರ್ಚ್ ಮಧ್ಯಾಹ್ನ ನಮ್ಮೂರಲ್ಲಿ ಹೊರಗೆ ರೊಮ್ಯಾನ್ಸ್ ಆಗಲ್ಲ, ಸನ್‌ಸ್ಟ್ರೋಕ್ ಆಗುತ್ತೆ. ಸಂಜೆ ಗಾಜಿನ ಮನೆ, ಆಮೇಲೆ ಮಂಡಕ್ಕಿ-ಮೆಣಸಿನಕಾಯಿ.
ಭಾನುವಾರ ಹರಿಹರ, ಬಸ್ಸಲ್ಲಿ ಅರ್ಧ ಗಂಟೆ ಚಿಲ್ಲರೆ. ಹರಿಹರೇಶ್ವರ ದೇವಸ್ಥಾನ ಹೊಯ್ಸಳ ದೊರೆ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ್ದು. ನುಣ್ಣಗೆ ಕಡೆದ ಕಂಬಗಳ ಆ ಮಂಟಪದಲ್ಲಿ ಬಿಸಿಲಲ್ಲೂ ಕಲ್ಲು ತಣ್ಣಗಿರುತ್ತೆ. ಆಮೇಲೆ ತುಂಗಭದ್ರೆ ದಂಡೆ. ಬೇಸಿಗೇಲಿ ನೀರು ಇಳಿದಿರುತ್ತೆ, ಆದ್ರೂ ರೀಲ್‌ಗೋಸ್ಕರ ಹೊಳೆಗೆ ಇಳೀಬೇಡಿ.
ಹರಿಹರದ ಮೂರ್ತಿ ಅರ್ಧ ಹರಿ, ಅರ್ಧ ಹರ. ಇಬ್ಬರು ದೇವರು ಒಂದೇ ಮೈಯಲ್ಲಿ ಇದ್ರೆ ಕೈ ಮುಗೀತೀವಿ. ಇಬ್ಬರು ಮನುಷ್ಯರು ಒಂದೇ ಬೆಂಚಲ್ಲಿ ಕೂತ್ರೆ ಮಾತ್ರ ನಮಗೆ ಎಲ್ಲಿಲ್ಲದ ಸಂಕಟ.

6/7
ಕಾಮೆಂಟಲ್ಲಿ ಏನು ಬರುತ್ತೆ ಅಂತ ಗೊತ್ತು. "ಪಾರ್ಕಿಗೆ ಮಕ್ಕಳು ಬರ್ತಾರೆ." ಬರ್ಲಿ. ಇಬ್ಬರು ನಗ್ತಾ ಮಾತಾಡೋದನ್ನ ನೋಡಿ ಮಕ್ಕಳು ಕೆಡಲ್ಲ. ನಿಜವಾಗ್ಲೂ ಅಸಭ್ಯವಾಗಿ ನಡ್ಕೊಂಡ್ರೆ ಅದಕ್ಕೆ ಕಾನೂನು ಇದೆ. 18 ದಾಟಿದ ಇಬ್ಬರು ಕೂತು ಮಾತಾಡೋದು ಯಾವ ಕಾನೂನಲ್ಲೂ ಅಪರಾಧ ಅಲ್ಲ.
"ಊರಿನವರು ಕೇಳೋದು ಕಾಳಜಿಯಿಂದ." ಇದನ್ನ ನಾನು ಅರ್ಧ ಒಪ್ತೀನಿ. ರಾತ್ರಿ ಎಂಟಕ್ಕೆ ನನ್ನ ಸ್ಕೂಟಿ ಪಂಕ್ಚರ್ ಆದಾಗ, ಅಪ್ಪನ ಹೆಸರು ಹೇಳಿದ್ದಕ್ಕೆ ಅಂಗಡಿಯವರು ಮನೆತನಕ ಬಿಟ್ಟು ಬಂದಿದ್ರು. ಬೆಂಗಳೂರಲ್ಲಿ ಅದು ಸಿಗಲ್ಲ ಅಂತಾಳೆ ಅಲ್ಲಿರೋ ನನ್ನ ಫ್ರೆಂಡ್. ಆದ್ರೆ ಕಷ್ಟ ಬಂದಾಗ "ಯಾರ ಮಗಳು ನೀನು" ಅಂತ ಕೇಳೋದು ಬೇರೆ, ಸುಮ್ನೆ ಖುಷಿಯಾಗಿದ್ದಾಗ ಕೇಳೋದು ಬೇರೆ. ಎರಡನೇದಕ್ಕೆ ಕಾಳಜಿ ಅನ್ನಲ್ಲ. ಅದಕ್ಕೆ ಹೆದರಿದ ಹುಡುಗಿ, ನಾಳೆ ನಿಜವಾಗ್ಲೂ ತೊಂದರೆ ಆದ್ರೂ ನಿಮ್ಮ ಹತ್ರ ಬರಲ್ಲ. ಯಾರೂ ಇಲ್ಲದ ಜಾಗ ಹುಡುಕ್ಕೊಂಡು ಊರಾಚೆ ಹೋಗ್ತಾಳೆ. ಆಗ ಅಪಾಯ ಜಾಸ್ತಿನೋ ಕಡಿಮೆನೋ, ನೀವೇ ಹೇಳಿ.

7/7
ಹಾಗಾದ್ರೆ ಏನ್ಮಾಡೋಣ?
ಪಾಲಿಕೆಯವರಿಗೆ: ರಸ್ತೆ ಮಧ್ಯ ನೆರಳೇ ಕೊಡದ ಶೋ ಗಿಡ ಸಾಕು. ಫುಟ್‌ಪಾತ್ ಪಕ್ಕ ಹೊಂಗೆ, ಬೇವು ನೆಡಿ. ಕೆಳಗೆ ಬೆಂಚು ಹಾಕಿ, ಲೈಟ್ ಹಾಕಿ, ಹತ್ತಿರ ಒಂದು ಕ್ಲೀನ್ ಟಾಯ್ಲೆಟ್ ಇರ್ಲಿ. ಆ ಬೆಂಚಲ್ಲಿ ಜೋಡಿ ಮಾತ್ರ ಅಲ್ಲ, ಮೊಣಕಾಲು ನೋವಿನ ಅಜ್ಜಿನೂ ಕೂರ್ತಾರೆ.
ಹಿರಿಯರಿಗೆ: ನಮ್ಮನ್ನ ನೋಡಿದ್ರೆ ನಕ್ಕು ಮುಂದೆ ಹೋಗಿ. ನಾವೂ ನಮಸ್ಕಾರ ಹೇಳ್ತೀವಿ.
ನನ್ನ ವಯಸ್ಸಿನವರಿಗೆ: ಗೊತ್ತಿಲ್ಲದ ಜೋಡೀನ ದೂರದಿಂದ ಝೂಮ್ ಮಾಡಿ ರೀಲ್ ಹಾಕೋದು ಬಿಡಿ. ಅಂಕಲ್ ಒಬ್ಬರು ಕೇಳಿದ್ರೆ ಒಬ್ಬರಿಗೆ ಉತ್ತರ ಕೊಟ್ರೆ ಮುಗೀತು. ನೀವು ಹಾಕಿದ್ರೆ ಆ ಹುಡುಗಿ ಇಡೀ ಜಿಲ್ಲೆಗೆ ಉತ್ತರ ಕೊಡಬೇಕು, ಎಷ್ಟೋ ಸಲ ಕಾಲೇಜೇ ಬಿಡಬೇಕಾಗುತ್ತೆ. ಲೈಕ್ ನಿಮಗೆ, ಲಾಸ್ ಅವಳಿಗೆ.
ಈ ಸೀರೀಸ್‌ನಲ್ಲಿ ಮರಗಳ ಫೋಟೋ ಮಾತ್ರ ಹಾಕಿದೀನಿ, ಗಮನಿಸಿದ್ರಾ? ಕೆಳಗೆ ಜನ ಇದ್ರು. ಅವರ ಪಾಡಿಗೆ ಅವರಿರ್ಲಿ.

ನಿಮ್ಮ ಬೀದಿಯಲ್ಲಿ ಈಗ ಯಾವ ಮರ ಹೂ ಬಿಟ್ಟಿದೆ? ಕಾಮೆಂಟಲ್ಲಿ ಹೇಳಿ.

#ದಾವಣಗೆರೆ #ಹರಿಹರ #ಹೊಂಗೆಹೂವು #ನಮ್ಮೂರವಸಂತ #ಕೂರೋಕೆಜಾಗಕೊಡಿ