ಬಾರ್ಬರೆಸ್ಕೊದ ದ್ರಾಕ್ಷಿ, ಕಣಗಿನಹಾಳದ ಸೊಸೈಟಿ

1905ರ ಮೇ 8ರಂದು ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಪತ್ತಿನ ಸಹಕಾರಿ ಸಂಘ ನೋಂದಣಿಯಾಯಿತು. ಅದಕ್ಕೆ ಹನ್ನೊಂದು ವರ್ಷ ಮೊದಲೇ, 1894ರಲ್ಲಿ, ಉತ್ತರ ಇಟಲಿಯ ಪಿಯೆಮೊಂಟೆ ಪ್ರಾಂತದ ಬಾರ್ಬರೆಸ್ಕೊ ಎಂಬ ಗುಡ್ಡದ ಹಳ್ಳಿಯಲ್ಲಿ ಇನ್ನೊಂದು ಸಹಕಾರಿ ಹುಟ್ಟಿತ್ತು. ಆಲ್ಬಾ ಪಟ್ಟಣದ ವೈನ್ ಶಾಲೆಯ ಮುಖ್ಯಸ್ಥ ದೊಮಿಜಿಯೊ ಕವಾಜ್ಜಾ ಒಂಬತ್ತು ಮಂದಿ ತೋಟಗಾರರನ್ನು ಕೂಡಿಸಿ ಅದನ್ನು ಕಟ್ಟಿದ್ದರು. ಒಂದು ಊರಿನದು ಸಾಹುಕಾರನ ಬಡ್ಡಿಯ ಕಷ್ಟ, ಇನ್ನೊಂದರದು ಹಣ್ಣಿನ ದರದ ಕಷ್ಟ. ಎರಡೂ ಕಡೆ ಸಣ್ಣ ಹಿಡುವಳಿದಾರ ಕಂಡುಕೊಂಡ ದಾರಿ ಮಾತ್ರ ಒಂದೇ ಬಗೆಯದು.

ಈ ಎರಡು ಊರುಗಳನ್ನು ಒಟ್ಟಿಗೆ ನೆನೆಯಲು ಕಾರಣವಿದೆ. ಕರ್ನಾಟಕ ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಿತು. ಕೃಷ್ಣಾ ಕಣಿವೆಯ ವಿಜಯಪುರ, ಬಾಗಲಕೋಟೆಗಳು ವೈನ್ ನಕಾಶೆಯೊಳಗೆ ಬಂದವು. ಕೊಪ್ಪಳ ಜಿಲ್ಲೆಯ ಒಂದು ಖಾಸಗಿ ಎಸ್ಟೇಟ್ ಇಟಲಿಯ ಸಾಂಜಿಯೊವೆಜೆ ತಳಿಯನ್ನೇ ಬೆಳೆದು ಕೆಂಪು ವೈನ್ ಮಾಡುತ್ತಿದೆ. ಹಾಗಾದರೆ ನಮ್ಮ ಭಾಗದ ಸಣ್ಣ ರೈತರೂ ಕೂಡಿಕೊಂಡು ವೈನ್‌ಗೆ ಇಳಿಯಬಹುದೇ? ಇಳಿಯಬೇಕೇ?

ಬಾರ್ಬರೆಸ್ಕೊದ ಉದಾಹರಣೆ ಆಸೆ ಹುಟ್ಟಿಸುವಂಥದ್ದು. ಕವಾಜ್ಜಾ ಕಟ್ಟಿದ ಸಂಘ ಫ್ಯಾಸಿಸ್ಟರ ಕಾಲದಲ್ಲಿ ಮುಚ್ಚಿಹೋಯಿತು. 1958ರಲ್ಲಿ ಊರಿನ ಪಾದ್ರಿ ಹತ್ತೊಂಬತ್ತು ಸಣ್ಣ ಬೆಳೆಗಾರರನ್ನು ಮತ್ತೆ ಸೇರಿಸಿದರು. ಮೊದಲ ಮೂರು ಸುಗ್ಗಿಯ ವೈನ್ ತಯಾರಾದದ್ದು ಚರ್ಚಿನ ನೆಲಮಾಳಿಗೆಯಲ್ಲಿ. ಇಂದು ಐವತ್ತಕ್ಕೂ ಹೆಚ್ಚು ಕುಟುಂಬಗಳು ಸದಸ್ಯರು. ಭೂಮಿ ಅವರವರದೇ, ನೆಬ್ಬಿಯೊಲೊ ದ್ರಾಕ್ಷಿ ಮಾತ್ರ ಸಂಘಕ್ಕೆ. ಹಣ್ಣಿನ ಗುಣ ನೋಡಿ ದರ. ಒಳ್ಳೆಯ ವರ್ಷದಲ್ಲಿ ಒಂಬತ್ತು ತೋಟಪಟ್ಟಿಗಳ ವೈನನ್ನು ಬೇರೆಬೇರೆಯಾಗಿ ಬಾಟಲಿ ತುಂಬಿ, ಆಯಾ ಪಟ್ಟಿಯ ಹೆಸರಿನಲ್ಲೇ ಮಾರುತ್ತಾರೆ. ಬೆಳೆ ಸಾಧಾರಣವಾದ ವರ್ಷ ಎಲ್ಲವನ್ನೂ ಒಂದೇ ಹೆಸರಿನಡಿ ಬೆರೆಸುತ್ತಾರೆ. ಸಂಘದ ಹೆಸರು ಕೆಡದಿರಲೆಂದು ಹೆಚ್ಚಿನ ದರದ ಆಸೆ ಬಿಡುವ ಆ ನಿರ್ಧಾರವೇ ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಅದೇ ಊರಿನಲ್ಲಿ ಎದುರುವಾದವೂ ಇದೆ. 1859ರಿಂದ ವೈನ್ ಮಾಡುತ್ತ ಬಂದ ಗಾಯಾ ಮನೆತನದ ಆಂಜೆಲೊ ಗಾಯಾ 1961ರಲ್ಲಿ ಕೆಲಸಕ್ಕೆ ಕೈಹಚ್ಚಿದರು. ಸಣ್ಣ ಫ್ರೆಂಚ್ ಓಕ್ ಪೀಪಾಯಿಗಳನ್ನು ತಂದರು. 1978ರಲ್ಲಿ ನೆಬ್ಬಿಯೊಲೊ ಬೆಳೆಯುತ್ತಿದ್ದ ನೆಲದಲ್ಲೇ ಕ್ಯಾಬರ್ನೆ ಸೊವಿನ್ಯೋ ನೆಟ್ಟರು. ಬಾರ್ಬರೆಸ್ಕೊದ ಹೆಸರು ಜಗತ್ತಿನ ದೊಡ್ಡ ಪೇಟೆಗಳನ್ನು ಮುಟ್ಟಿದ್ದರಲ್ಲಿ ಅವರ ಪಾಲು ದೊಡ್ಡದು. ಐವತ್ತು ಮನೆಗಳ ಸಭೆಯಲ್ಲಿ ಇಂಥ ಸಾಹಸಕ್ಕೆ ಒಪ್ಪಿಗೆ ಸಿಗುವುದು ಕಷ್ಟ. ಹೊಸ ತಳಿ ಸೋತರೆ ನಷ್ಟ ಹೊರಬಲ್ಲ ಒಬ್ಬ ಮಾಲೀಕ ಬೇಕಾಗುತ್ತಾನೆ. ಕೊಪ್ಪಳದಲ್ಲಿ ಇಟಲಿಯ ತಳಿ ಬೇರೂರಿದ್ದೂ ಹೀಗೆಯೇ, ಬಂಡವಾಳವಿದ್ದವರ ಕೈಯಲ್ಲಿ.

ತಳಿಯ ವಿಚಾರಕ್ಕೆ ಬಂದರೆ ಮಾತು ಇನ್ನೂ ಬಿಗಿಯಾಗುತ್ತದೆ. ಪಿಯೆಮೊಂಟೆಯ ದೊಲ್ಚೆತ್ತೊ ಬೇಗ ಹಣ್ಣಾಗುತ್ತದೆ, ಅದರ ವೈನ್ ದಿನನಿತ್ಯದ ಊಟದ್ದು. ಬಾರ್ಬೆರಾದಲ್ಲಿ ಹುಳಿ ಹೆಚ್ಚು, ಒಗರು ಕಡಿಮೆ. ನೆಬ್ಬಿಯೊಲೊದ ಬಣ್ಣ ತೆಳು, ಆದರೆ ಹುಳಿ, ಒಗರು ಎರಡೂ ಜೋರು. ಅದು ಮಾಗಲು ಅಕ್ಟೋಬರ್‌ವರೆಗಿನ ತಂಪು ಹವೆ ಬೇಕು. ನಮ್ಮಲ್ಲಿ ಬಳ್ಳಿಗೆ ಚಳಿಗಾಲದ ನಿದ್ದೆಯೇ ಇಲ್ಲ. ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ ಎಂದು ವರ್ಷಕ್ಕೆ ಎರಡು ಸಲ ಸವರಿ, ಬೇಸಿಗೆ ಏರುವ ಹೊತ್ತಿಗೆ ಹಣ್ಣು ಇಳಿಸುತ್ತೇವೆ. ಬಿಸಿಲಿಗೆ ಸಕ್ಕರೆ ಬೇಗ ಕೂಡುತ್ತದೆ, ಹುಳಿ ಬೇಗ ಇಳಿಯುತ್ತದೆ. ಆದ್ದರಿಂದ ನೆಬ್ಬಿಯೊಲೊವನ್ನು ಎರಿ ಹೊಲಕ್ಕೆ ತರುವ ಮಾತನ್ನು ನಾನು ಒಪ್ಪಲಾರೆ. ಸೆಕೆ ತಾಳುವ ತಳಿಗಳ ಬಗ್ಗೆ ಮಾತಾಡಬಹುದು.

ಆದರೆ ನನ್ನನ್ನು ಹೆಚ್ಚು ಕಾಡುವುದು ಹಣದ ಲೆಕ್ಕ. ಬಾರ್ಬರೆಸ್ಕೊ ವೈನ್ ಕನಿಷ್ಠ 26 ತಿಂಗಳು ಮಾಗಬೇಕು, ಅದರಲ್ಲಿ 9 ತಿಂಗಳು ಮರದ ಪೀಪಾಯಿಯಲ್ಲಿ. ಪಕ್ಕದ ಬರೋಲೊಗೆ 38 ತಿಂಗಳು. ನಮ್ಮ ಸೊಸೈಟಿಯ ಬೆಳೆಸಾಲವನ್ನು ವರ್ಷದೊಳಗೆ ತೀರಿಸಿದರೇ ಬಡ್ಡಿಯ ರಿಯಾಯಿತಿ. ನಾವು ಅಷ್ಟು ದಿನ ಮಾಗಿಸದೆ ಎಳೆಯ ವೈನನ್ನೇ ಮಾರಬಹುದು ಎನ್ನುವವರಿದ್ದಾರೆ, ಅದೂ ನಿಜ. ಆದರೂ ಹಣ್ಣು ತೂಗಿದ ದಿನಕ್ಕೂ ಬಾಟಲಿ ಮಾರಿದ ದಿನಕ್ಕೂ ನಡುವೆ ರೈತನ ಮನೆ ನಡೆಯಬೇಕು. ಕಬ್ಬಿನ ಬಾಕಿಗಾಗಿ ಕಾರ್ಖಾನೆಯ ಗೇಟಿನ ಮುಂದೆ ಕೂತು ಹೈರಾಣಾದ ಸೀಮೆ ನಮ್ಮದು.

ಇನ್ನೊಂದು ಅಪಾಯವೂ ಇದೆ. ಸಿಪ್ಪೆ ದಪ್ಪ, ಬೀಜ ಹೆಚ್ಚು, ಕಾಳು ಸಣ್ಣದಾದ ವೈನ್ ದ್ರಾಕ್ಷಿಯನ್ನು ಸಂತೆಯಲ್ಲಿ ಯಾರೂ ಕೊಳ್ಳುವುದಿಲ್ಲ. 2008ರ ಹಿಂಜರಿತದ ನಂತರ ಮಹಾರಾಷ್ಟ್ರದಲ್ಲಿ ಕಂಪನಿಗಳು ಖರೀದಿ ಕಡಿಮೆ ಮಾಡಿದಾಗ ಎಷ್ಟೋ ರೈತರು ಬಳ್ಳಿಗಳನ್ನೇ ಕಿತ್ತು ಹಾಕಿದರು. ತಿನ್ನುವ ಥಾಮ್ಸನ್ ದ್ರಾಕ್ಷಿ ಬೆಳೆದವನಿಗೆ ಹಸಿ ಹಣ್ಣಿನ ದರ ಬಿದ್ದರೆ ಒಣಗಿಸಿ ಮಣೂಕ ಮಾಡುವ ದಾರಿಯಾದರೂ ಉಳಿಯುತ್ತದೆ. ಆದರೆ ಇದೇ ಸಂಗತಿ ಸಹಕಾರಿಯ ಪರವಾಗಿಯೂ ನಿಲ್ಲುತ್ತದೆ: ಕೊಳ್ಳುವವನು ಒಬ್ಬನೇ ಎಂದಾದರೆ, ಆ ಒಬ್ಬನು ರೈತರದೇ ಸಂಘವಾಗಿರುವುದು ಮೇಲು.

ಮದ್ಯದ ಪ್ರಶ್ನೆಯನ್ನು ಬದಿಗಿಟ್ಟು ಈ ಚರ್ಚೆ ಮುಗಿಯದು. ಇಳಕಲ್ಲಿನ ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರಲ್ಲಿ ದುಶ್ಚಟಗಳ ಭಿಕ್ಷೆ ಬೇಡಿದರು; ಅವರು ಹುಟ್ಟಿದ ಆಗಸ್ಟ್ 1 ರಾಜ್ಯದಲ್ಲಿ ವ್ಯಸನಮುಕ್ತ ದಿನ. ಅವರ ಮಠವಿರುವುದೂ ದ್ರಾಕ್ಷಿ ಬೆಳೆಯುವ ಬಾಗಲಕೋಟೆ ಜಿಲ್ಲೆಯಲ್ಲೇ. ಊಟದ ಜೊತೆಗಿನ ವೈನ್ ಬೇರೆ, ಹಳ್ಳಿ ಮನೆಗಳನ್ನು ಹಾಳುಮಾಡುವ ಸಾರಾಯಿ ಬೇರೆ ಎಂಬ ವಾದದಲ್ಲಿ ಸತ್ಯವಿದೆ. ಆದರೆ ಇಟಲಿಯ ಊಟದ ಪದ್ಧತಿ ಬಾಟಲಿಯ ಜೊತೆ ಇಲ್ಲಿಗೆ ಬರುವುದಿಲ್ಲ. ಪಿಯೆಮೊಂಟೆಯೂ ಕಳಂಕವಿಲ್ಲದ ನಾಡಲ್ಲ: 1986ರಲ್ಲಿ ಅಲ್ಲಿನ ಅಗ್ಗದ ವೈನ್‌ಗೆ ಮೆಥನಾಲ್ ಬೆರೆಸಿದ್ದರಿಂದ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು.

ನಾನು ಸಹಕಾರಿಯ ಕಡೆಗೆ ವಾಲುತ್ತೇನೆ, ವೈನ್ ಕಡೆಗೆ ಈಗಲೇ ಅಲ್ಲ. ವಿಜಯಪುರದ ರೈತರ ಮಣೂಕ ಇವತ್ತಿಗೂ ಸಾಂಗ್ಲಿ, ತಾಸಗಾಂವ್ ಪೇಟೆಯ ದರಕ್ಕೆ ಕಾಯುತ್ತದೆ. ಒಂದು ಸಂಘ ಮೊದಲು ಅದನ್ನು ಹಿಡಿಯಲಿ: ಗುಣ ನೋಡಿ ದರ್ಜೆ ಹಚ್ಚಲಿ, ಶೀತಲಗೃಹದಲ್ಲಿ ಇಡಲಿ, ತೂಗಿದ ದಿನವೇ ಮುಂಗಡ ಕೊಡಲಿ, ಉಳಿದದ್ದನ್ನು ಹೇಳಿದ ತಾರೀಖಿಗೆ ಮುಟ್ಟಿಸಲಿ. ನಾಲ್ಕಾರು ಸುಗ್ಗಿ ಇದು ತಪ್ಪದೆ ನಡೆದರೆ ವೈನಿನ ಪ್ರಸ್ತಾಪವನ್ನು ಸರ್ವಸದಸ್ಯರ ಸಭೆಗೆ ತರಬಹುದು. ಆ ಸಭೆಯಲ್ಲಿ ಪಹಣಿಯಲ್ಲಿ ಹೆಸರಿಲ್ಲದ, ಆದರೆ ಚಾಟ್ನಿಯಿಂದ ಹಣ್ಣು ಕೊಯ್ಯುವ ತನಕ ತೋಟದಲ್ಲಿ ದುಡಿಯುವ ಹೆಣ್ಣುಮಕ್ಕಳಿಗೂ ಮತವಿರಬೇಕು. ಕುಡಿತದ ಪೆಟ್ಟು ಮೊದಲು ಬೀಳುವುದು ಅವರ ಮೇಲೆಯೇ. ಅವರು ಬೇಡವೆಂದರೆ ಸಂಘ ಮಣೂಕದಲ್ಲೇ ನಿಲ್ಲಬೇಕು.