ಎಣಿಸುವ ಕೊಳಗ ಯಾರ ಕೈಯಲ್ಲಿ?

ಕಾಡಿನಲ್ಲಿ ಎಷ್ಟು ಬಗೆಯ ಗಿಡಮರಗಳಿವೆ, ಊರ ಕೆರೆಗೆ ಎಷ್ಟು ಜಾತಿಯ ಹಕ್ಕಿಗಳು ಬರುತ್ತವೆ ಎಂದು ಎಣಿಸುವುದು ಹೊಟ್ಟೆ ತುಂಬಿದವರ ವಿನೋದವೆಂದು ನಮ್ಮ ಸಂಗಾತಿಗಳಲ್ಲೇ ಕೆಲವರು ಭಾವಿಸಿದ್ದಾರೆ. ಭೂಮಿ, ಕೂಲಿ, ಬೆಲೆಗಳ ಪ್ರಶ್ನೆಯೇ ಬಗೆಹರಿಯದಿರುವಾಗ ಹಕ್ಕಿಯ ಗೊಡವೆ ಏಕೆಂದು ಅವರು ಕೇಳುತ್ತಾರೆ. ನಮ್ಮ ಅಭಿಪ್ರಾಯ ಬೇರೆ. ಲೆಕ್ಕ ಯಾರು ಬರೆಯುತ್ತಾರೋ ಸೊತ್ತಿನ ಮೇಲೆ ಮಾತು ಅವರದೇ ನಡೆಯುತ್ತದೆ. 1951ರಲ್ಲಿ ಕಾಗೋಡಿನ ಗೇಣಿದಾರರು ಎದ್ದು ನಿಂತಾಗ ಗೇಣಿಯ ಭತ್ತ ಅಳೆಯುವ ಕೊಳಗವೇ ಜಗಳದ ಮೂಲವಾಗಿತ್ತೆಂಬುದನ್ನು ಶಿವಮೊಗ್ಗ ಜಿಲ್ಲೆಯವರು ಮರೆಯಬಾರದು.

ಎಣಿಕೆಯಿಂದ ಪ್ರಯೋಜನವಿಲ್ಲವೆಂದು ಯಾರೂ ಹೇಳಲಾರರು. ಸಲೀಂ ಅಲಿಯವರು ಹಿಂದಿನ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು. ಅವರ ಸಲಹೆಯಂತೆ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ನಮ್ಮ ಜಿಲ್ಲೆಯಲ್ಲೂ ತುಂಗೆಯ ನಡುಗಡ್ಡೆಯಾದ ಮಂಡಗದ್ದೆ ಇದೆ, ಸೊರಬ ತಾಲ್ಲೂಕಿನ ಗುಡವಿ ಇದೆ. ಅಲ್ಲಿ ಫಲಕವುಂಟು, ಕಾವಲುಂಟು, ಪಟ್ಟಿಯುಂಟು.

ಆದರೆ ಬೇಲಿಯಾಚೆಯ ಹಸಿರಿನ ಗತಿ ಏನು? ಊರಿನ ಗೋಮಾಳ, ಪೇಟೆಯ ಕೆರೆಯಂಗಳ, ದೇವರ ಕಾಡು, ಸ್ಮಶಾನ, ಆಸ್ಪತ್ರೆ ಶಾಲೆಗಳ ಹಿತ್ತಲು ಇವುಗಳ ಲೆಕ್ಕ ಎಲ್ಲಿದೆ? ಎಣಿಸದ ನೆಲ ಕಾಗದದಲ್ಲಿ 'ಖಾಲಿ ಜಾಗ'ವಾಗುತ್ತದೆ. ಖಾಲಿಯೆಂದು ಬರೆದ ಮೇಲೆ ಅದನ್ನು ನಿವೇಶನ ಮಾಡುವವರಿಗೆ ಬರವೇ? ಬಯಲಿನ ಬರಿನೆಲದಲ್ಲೇ ಮೊಟ್ಟೆಯಿಡುವ ತೇನೆ ಹಕ್ಕಿಗೂ, ಅಲ್ಲೇ ದನ ಮೇಯಿಸುವ ಬಡವನಿಗೂ ಅದು ಖಾಲಿಯಲ್ಲ. ಸಾಲು ಸಾಲು ಅಕೇಶಿಯ, ನೀಲಗಿರಿ ನೆಟ್ಟು ಹಸಿರು ಹೆಚ್ಚಿತೆಂದು ಬೀಗುವ ಲೆಕ್ಕವೂ ಇಂಥದೇ. ಸಾವಿರ ಗಿಡವಾದರೂ ಜಾತಿ ಒಂದೇ.

2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿಯೊಂದು ಪಂಚಾಯಿತಿ, ಪುರಸಭೆಗಳಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಸ್ಥಳೀಯರನ್ನು ಕೇಳಿ ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧಪಡಿಸುವುದು ಆ ಸಮಿತಿಯ ಮುಖ್ಯ ಕೆಲಸವೆಂದು 2004ರ ನಿಯಮಗಳು ಹೇಳಿದ್ದವು. ವರ್ಷಗಟ್ಟಲೆ ಈ ಕೆಲಸ ಕುಂಟುತ್ತಿತ್ತು. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2020ರ ಜನವರಿ 31ರ ಗಡುವು ಹಾಕಿ, ತಪ್ಪಿದ ರಾಜ್ಯಗಳು ತಿಂಗಳಿಗೆ 10 ಲಕ್ಷ ರೂಪಾಯಿ ತೆರಬೇಕೆಂದಾಗ ದೇಶದ ಎಲ್ಲೆಡೆ ಅವಸರ ಹುಟ್ಟಿತು. ದಂಡದ ಭಯದಿಂದ ಬರೆದ ದಫ್ತರದಲ್ಲಿ ಊರವರ ತಿಳಿವಳಿಕೆ ಎಷ್ಟಿದೆ ಎಂಬುದನ್ನು ಊರವರೇ ಪರೀಕ್ಷಿಸಬೇಕು.

ಇಲ್ಲೊಂದು ಭಯವನ್ನೂ ಹೇಳಬೇಕು. ಪಟ್ಟಿ ಮಾಡಿಕೊಟ್ಟರೆ ನಾಳೆ ಇಲಾಖೆ ಬೇಲಿ ಹಾಕಿ ನಮ್ಮನ್ನೇ ಹೊರಗಟ್ಟೀತೆಂದು ಬಗರ್ ಹುಕುಂ ರೈತರು ಶಂಕಿಸುತ್ತಾರೆ. ಈ ಶಂಕೆ ನಿರಾಧಾರವಲ್ಲ. ಆದುದರಿಂದಲೇ ಲೆಕ್ಕವನ್ನು ಅವರೇ ಬರೆಯಬೇಕು. ಯಾವ ಮರವಿದೆ ಎಂಬುದರ ಜೊತೆಗೆ ಸೊಪ್ಪು, ಜೇನು, ಸೀಗೆ ಆಯುವವರು ಯಾರೆಂಬುದೂ ಅದರಲ್ಲಿ ದಾಖಲಾಗಬೇಕು. 2006ರ ಅರಣ್ಯ ಹಕ್ಕು ಕಾಯಿದೆ ಕಾಡನ್ನು ಕಾಯುವ ಅಧಿಕಾರವನ್ನು ಗ್ರಾಮಸಭೆಗೂ ಕೊಟ್ಟಿದೆ. ಜನರಿದ್ದ ಕಡೆ ಹಕ್ಕಿ ಉಳಿಯದೆಂಬ ವಾದಕ್ಕೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರೇ ಉತ್ತರ. ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಹುಣಸೆ ಮರಗಳಲ್ಲಿ ಗೂಡು ಕಟ್ಟುತ್ತವೆ.

ಈ ಎಣಿಕೆಗೆ ಪದವಿ ಬೇಡ, ಕ್ರಮ ಬೇಕು. ಅದೇ ದಾರಿ, ಅದೇ ಬೆಳಗಿನ ಹೊತ್ತು, ಅಷ್ಟೇ ಅವಧಿ. ಮಳೆಗಾಲಕ್ಕೊಮ್ಮೆ, ವಲಸೆ ಹಕ್ಕಿಗಳು ಬಂದಿಳಿಯುವ ಚಳಿಗಾಲಕ್ಕೊಮ್ಮೆ. ಹಕ್ಕಿಯ ಹೆಸರು, ಸಂಖ್ಯೆ, ತಾರೀಖು ಬರೆಯಬೇಕು. ಮರಕ್ಕಾದರೆ ಎದೆಯೆತ್ತರದ ಸುತ್ತಳತೆಯನ್ನೂ. ಒಂದು ವರ್ಷದ ಪಟ್ಟಿ ಹೆಚ್ಚೇನೂ ಹೇಳದು. ಹತ್ತು ವರ್ಷದ ಪಟ್ಟಿ ಏನು ಕಳೆಯಿತೆಂಬುದನ್ನು ಸಾಕ್ಷಿಸಮೇತ ಹೇಳುತ್ತದೆ. ಸಸ್ಯಶಾಸ್ತ್ರದ ಹೆಸರು ಇರಲಿ. ಆದರೆ ಸೊಪ್ಪಿನ ಹೊರೆ ಹೊರುವ ತಾಯಂದಿರು ಕರೆಯುವ ಹೆಸರೇ ಮೊದಲು ಬರಲಿ. ಊರವರಿಗೆ ಓದಲು ಬಾರದ ಭಾಷೆಯಲ್ಲಿ ಬರೆದ ಲೆಕ್ಕ ಊರಿನದಾಗುವುದು ಹೇಗೆ?

ನಮ್ಮ ಬೇಡಿಕೆಗಳು ಸರಳ. ದಾಖಲಾತಿ ಕನ್ನಡದಲ್ಲಿರಬೇಕು. ವರ್ಷಕ್ಕೊಮ್ಮೆ ಗ್ರಾಮಸಭೆಯಲ್ಲೂ ಪೇಟೆಯ ವಾರ್ಡುಗಳಲ್ಲೂ ಅದನ್ನು ಗಟ್ಟಿಯಾಗಿ ಓದಿ ತಿದ್ದಬೇಕು. ಸಾರ್ವಜನಿಕ ಹಸಿರು ನೆಲವನ್ನು ಬೇರೆ ಕೆಲಸಕ್ಕೆ ಕೊಡುವ ಮುನ್ನ ಈ ಪಟ್ಟಿಯನ್ನು ಸಭೆಯ ಮುಂದಿಡಬೇಕು. ಮುಂದಿನ ಗ್ರಾಮಸಭೆಗೆ ಹೋಗುವ ಪ್ರತಿಯೊಬ್ಬ ಸಂಗಾತಿಯೂ ಎದ್ದು ನಿಂತು, ನಮ್ಮೂರ ದಾಖಲಾತಿ ಎಲ್ಲಿದೆ, ತಂದು ಓದಿರೆಂದು ಕೇಳಲಿ.